ಗೇರ್‌ಬಾಕ್ಸ್ ಇಳಿಸುವ ಮುಂಚೆ

"ಕಾರು ನೋಡಲಿಕ್ಕೆ ಬರುತ್ತೇನೆ. ಆದರೆ ನಾನು ಬಂದು ನಿಲ್ಲುವ ತನಕ ಎಂಜಿನ್ ಸ್ಟಾರ್ಟ್ ಮಾಡಬಾರದು. ಹಾಗಂತ ಮಾರುವವರಿಗೆ ಮೊದಲೇ ಹೇಳಿಬಿಡಿ."

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟ ಹುಡುಗರು ಫೋನ್ ಮಾಡಿದಾಗ ನಾನು ಹಾಕುವ ಶರತ್ತು ಇದೊಂದೇ. ನವಿ ಮುಂಬಯಿಯ ಸಾನಪಾಡಾ, ಜೂಯಿನಗರ, ನೆರೂಲ್ ಕಡೆ ಇರುವ ನಮ್ಮ ಊರಿನವರ ಮಕ್ಕಳಿಗೆಲ್ಲ ನಾನು ಗ್ಯಾರೇಜಿನ ಮಾವ. ಕೆಲಸ ಬಿಟ್ಟು ಮನೆಯಲ್ಲಿ ಕೂತರೂ ಬಂಟ್ಸ್ ಸೆಂಟರಿನ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಪಾಯಸ ಬರುವಷ್ಟರಲ್ಲಿ ಕ್ಲಚ್ಚಿನ ವಿಷಯ ತೆಗೆಯುತ್ತಾರೆ. ಮಾತು ಶುರುವಾಗುವುದು ಸಾಮಾನ್ಯವಾಗಿ ಒಂದೇ ರೀತಿ: "ಗೇರ್‌ಬಾಕ್ಸ್ ಹೋಗಿದೆಯಂತೆ ಮಾವ, ಅದಕ್ಕೇ ಅಗ್ಗಕ್ಕೆ ಕೊಡ್ತಿದ್ದಾರೆ." ಗೇರ್‌ಬಾಕ್ಸ್ ನಿಜವಾಗಿ ಹೋಗಿರುವುದು ಕಡಿಮೆ. ಹೋಗಿದೆ ಎಂದು ಬೇರೆಯವರು ತೀರ್ಮಾನ ಮಾಡಿರುವುದೇ ಹೆಚ್ಚು.

ನಮ್ಮ ಮಾರುಕಟ್ಟೆಯಲ್ಲಿ ಸ್ಪೋರ್ಟ್ಸ್ ಕಾರು ಅಂದರೆ ಫೆರಾರಿ ಅಲ್ಲ. ಫಿಯೆಟ್ ಪಾಲಿಯೊ 1.6, ಸ್ಕೋಡಾ ಆಕ್ಟೇವಿಯಾದ ಹಳೆಯ ಆರ್‌ಎಸ್ ಮಾದರಿ, 2011ರಲ್ಲಿ ಬಂದ ಲಾರಾ ವಿಆರ್‌ಎಸ್, ಪುಣೆ ಹತ್ತಿರದ ರಾಂಜಣಗಾಂವ್‌ನಲ್ಲಿ ತಯಾರಾಗಿ 2015ರಲ್ಲಿ ರಸ್ತೆಗಿಳಿದ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, ಇಂಥವು. ನಮ್ಮ ಬೆಂಗಳೂರಿನವರೂ ಒಂದು ಕೈ ನೋಡಿದ್ದಾರೆ. 1990ರ ದಶಕದ ಕೊನೆಯಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಎರಡೇ ಸೀಟಿನ, ಮೇಲ್ಛಾವಣಿ ತೆರೆಯುವ, ಫೈಬರ್‌ಗ್ಲಾಸ್ ಮೈಯ ಕಾರು. ಒಳಗಿದ್ದದ್ದು ರೆನೋದ 1.2 ಲೀಟರ್ ಎಂಜಿನ್, ಶಕ್ತಿ ಸುಮಾರು 60 ಅಶ್ವಶಕ್ತಿ. ಅದರ ಕ್ಲಚ್ಚಿಗೆ ದೊಡ್ಡ ಭಾರವೇನೂ ಇರಲಿಲ್ಲ. ಲಾರಾ ವಿಆರ್‌ಎಸ್‌ನದು ಬೇರೆ ಕಥೆ: 160 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಟರ್ಬೊ ಇರುವುದರಿಂದ ಆ ತಿರುಚುಬಲ ಕಡಿಮೆ ಆರ್‌ಪಿಎಂನಲ್ಲೇ ಒಮ್ಮೆಲೇ ಮೇಲೆ ಬೀಳುತ್ತದೆ. ಅದನ್ನು ಚಕ್ರದ ತನಕ ಜಾರದಂತೆ ಮುಟ್ಟಿಸುವುದು ಕ್ಲಚ್ ಪ್ಲೇಟಿನ ಎರಡು ಮೈಗೆ ಕೂರಿಸಿದ ತೆಳು ಲೈನಿಂಗ್ ಮಾತ್ರ.

ನವಿ ಮುಂಬಯಿಯಲ್ಲಿ ಈ ಕಾರುಗಳದ್ದು ಎರಡು ಥರದ ಬದುಕು. ವಾರವಿಡೀ ಸಾಯನ್–ಪನ್ವೇಲ್ ರಸ್ತೆ, ತುರ್ಭೆ ಎಪಿಎಂಸಿಗೆ ಈರುಳ್ಳಿ ಆಲೂಗಡ್ಡೆ ಹೊತ್ತು ಬರುವ ಲಾರಿಗಳ ಬಾಲ, ಅರ್ಧ ಕ್ಲಚ್ಚಿನಲ್ಲಿ ತೆವಳಾಟ. ಭಾನುವಾರ ಬೆಳಿಗ್ಗೆ ಪಾಮ್ ಬೀಚ್ ರಸ್ತೆಯ ಸಿಗ್ನಲ್ ಹಸಿರಾದ ಕೂಡಲೇ ಐದು ಸಾವಿರ ಆರ್‌ಪಿಎಂಗೆ ಏರಿಸಿ ಕ್ಲಚ್ ಬಿಡುವ ಹುಡುಗಾಟ. ವಾಶಿ ಟೋಲ್ ನಾಕಾದ ಸಾಲಿನಲ್ಲಿ ಕ್ಲಚ್ ಸುಟ್ಟುಕೊಂಡು ಬಂದ ಕಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. 2024ರ ಅಕ್ಟೋಬರಿನಲ್ಲಿ ಕಾರುಗಳಿಗೆ ಆ ಟೋಲ್ ತೆಗೆದರು. ಅದಕ್ಕೂ ಹಿಂದೆ ಇಲ್ಲಿ ಓಡಿದ ಕಾರಾದರೆ ಮೀಟರಿನ ಕಿಲೋಮೀಟರ್ ನಂಬಿ ಕ್ಲಚ್ಚಿನ ವಯಸ್ಸು ಲೆಕ್ಕ ಹಾಕಬೇಡಿ. ಹೈವೇಯಲ್ಲಿ ಲಕ್ಷ ಕಿಲೋಮೀಟರ್ ಬಾಳಿದ ಕ್ಲಚ್ಚು ಈ ಊರಿನಲ್ಲಿ ಮೂವತ್ತು ಸಾವಿರಕ್ಕೇ ಮುಗಿಯಬಹುದು.

ಇನ್ನು ಆ ಶರತ್ತಿನ ವಿಷಯ. ಮಾರುವವನು ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿಸಿ ತಂದು ನಿಲ್ಲಿಸಿದ್ದರೆ ಅರ್ಧ ಸತ್ಯ ಆವಿಯಾಗಿಬಿಟ್ಟಿರುತ್ತದೆ. ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದ್ದರೆ ಸಿಕ್ಕಿಬೀಳುವುದು ಗೇರ್ ಆಯಿಲ್ ತಣ್ಣಗೆ, ದಪ್ಪಗೆ ಇದ್ದಾಗ. ಅದಕ್ಕೆ ತದ್ವಿರುದ್ಧವಾಗಿ ಜಾರುವ ಕ್ಲಚ್ಚು, ಹೈಡ್ರಾಲಿಕ್ ಸೋರಿಕೆ ಇವೆಲ್ಲ ಚೆನ್ನಾಗಿ ಬಿಸಿಯಾದ ಮೇಲೆ ಹೊರಬೀಳುತ್ತವೆ. ಆದ್ದರಿಂದ ಬಾನೆಟ್ ಮೇಲೆ ಕೈಯಿಟ್ಟು ನೋಡಿ, ತಣ್ಣಗಿದ್ದರೆ ಮುಂದುವರಿಯುತ್ತೇನೆ. ಬೆಚ್ಚಗಿದ್ದರೆ ಚಹಾ ಕುಡಿದು "ನಾಳೆ ಬರ್ತೇವೆ ಸೇಟ್" ಎಂದು ಎದ್ದುಬಿಡುತ್ತೇನೆ.

ಎಂಜಿನ್ ಬಂದ್ ಇರುವಾಗಲೇ ಪೆಡಲಿಗೆ ಎಷ್ಟೋ ಹೇಳುವುದಿರುತ್ತದೆ. ನಿಧಾನವಾಗಿ ಒತ್ತಿ, ಹಿಡಿದುಕೊಂಡು ಕೂರಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಅರ್ಧಕ್ಕೆ ಒತ್ತಿ ಹಿಡಿದಾಗ ಕಾಲಿನಡಿ ತಾನಾಗಿಯೇ ಮೆಲ್ಲಗೆ ಕುಸಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸೋತಿದೆ. ಪೆಡಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ಸವರಿ. ಬೆರಳು ಒದ್ದೆಯಾದರೆ ಆ ಸಿಲಿಂಡರ್ ಹೊರಗೂ ಸೋರುತ್ತಿದೆ ಎಂದರ್ಥ. ಪೆಡಲ್ ಅತಿ ಗಟ್ಟಿಯಾಗಿದ್ದು, ಆಮೇಲೆ ಕಾರು ಹೊರಡುವಾಗ ಬಹಳ ಮೇಲೆ ಬಂದು ಹಿಡಿದರೆ ಪ್ಲೇಟು ಸವೆದಿರುವ ಸಂಶಯ. ಹಳೆಯ ಕೇಬಲ್ ಕ್ಲಚ್ಚಿನ ಕಾರಾದರೆ ಕೇಬಲ್ಲೇ ಒಳಗೆ ಎಳೆ ಬಿಟ್ಟು ಜಗ್ಗುತ್ತಿರಬಹುದು. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಹೆಚ್ಚಿನ ಕಾರುಗಳಲ್ಲಿ ಕ್ಲಚ್ಚೂ ಅದೇ ಡಬ್ಬಿಯಿಂದ ಕುಡಿಯುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರುವ ಜಾತಿಯದು. ಖಾಡಿ ಪಕ್ಕದ ನಮ್ಮ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಸೀಲುಗಳನ್ನೂ ಸಿಲಿಂಡರನ್ನೂ ಒಳಗಿಂದ ತಿನ್ನುತ್ತದೆ.

ಆಮೇಲೆ ಸ್ಟಾರ್ಟ್. ನ್ಯೂಟ್ರಲ್‌ನಲ್ಲಿಟ್ಟು, ಕಿಟಕಿ ಇಳಿಸಿ, ಹಾಡು ಬಂದ್ ಮಾಡಿಸಿ (ಮಾರುವವರು ಹಾಡು ಹಾಕಿಯೇ ಇರುತ್ತಾರೆ, ಗಮನಿಸಿ) ಕ್ಲಚ್ ಒತ್ತುತ್ತ ಬಿಡುತ್ತ ಕೇಳುತ್ತೇನೆ. ಪೆಡಲ್ ಒತ್ತಿದಾಗ ಹುಟ್ಟುವ ಕಿರುಗುಟ್ಟುವ ಸದ್ದು ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನದು. ಪೆಡಲ್ ಬಿಟ್ಟಾಗ ಇದ್ದು ಒತ್ತಿದ ಕೂಡಲೇ ನಿಲ್ಲುವ ಗುರುಗುಟ್ಟು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದಿರಬಹುದು, ಏಕೆಂದರೆ ಕ್ಲಚ್ ಒತ್ತಿದಾಗ ಆ ಶಾಫ್ಟ್ ತಿರುಗುವುದು ನಿಲ್ಲುತ್ತದೆ. ಟರ್ಬೊ ಕಾರುಗಳಲ್ಲಿ ಇನ್ನೊಬ್ಬ ಆಸಾಮಿಯೂ ಇದ್ದಾನೆ, ಡ್ಯುಯಲ್ ಮಾಸ್ ಫ್ಲೈವೀಲ್. ಎಂಜಿನಿನ ನಡುಕ ಗೇರ್‌ಬಾಕ್ಸಿಗೆ ಹೋಗದಿರಲೆಂದು ಫ್ಲೈವೀಲನ್ನು ಎರಡು ತುಂಡು ಮಾಡಿ ನಡುವೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಆ ಸ್ಪ್ರಿಂಗ್ ಸಡಿಲವಾದರೆ ಐಡ್ಲಿಂಗಿನಲ್ಲಿ ಡಬ್ಬದೊಳಗೆ ಬೋಲ್ಟು ಅಲುಗಿದ ಸದ್ದು, ಎಂಜಿನ್ ಬಂದ್ ಮಾಡುವಾಗ ಕೊನೆಯಲ್ಲೊಂದು 'ಡಬ್'. ಇದರ ಬೆಲೆ ಕ್ಲಚ್ ಸೆಟ್ಟಿಗಿಂತ ಜಾಸ್ತಿ. ಚೌಕಾಸಿಗೆ ಕೂರುವ ಮುಂಚೆ ಆ ಸದ್ದು ಇದೆಯೋ ಇಲ್ಲವೋ ಗೊತ್ತಿರಲೇಬೇಕು.

ಈಗ ಗೇರ್ ಬೀಳದ ಕಥೆಗೆ ಬರೋಣ, ಹೆಚ್ಚಿನ ಜನ ಮೋಸ ಹೋಗುವುದು ಇಲ್ಲೇ. ಐರೋಲಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಡೊಂಬಿವಲಿಯಲ್ಲಿ ಒಂದು ಟರ್ಬೊ ಹ್ಯಾಚ್‌ಬ್ಯಾಕ್ ಮೆಚ್ಚಿಕೊಂಡಳು. ಕಾರಿನ ಹೆಸರು ಬೇಡ, ಅವಳು ಇನ್ನೂ ಓಡಿಸುತ್ತಿದ್ದಾಳೆ. ರಿವರ್ಸ್ ಹಾಕಿದರೆ ಕರಕರ ಸದ್ದು, ಫಸ್ಟ್ ಗೇರ್ ಬಡಿದು ಹಾಕಬೇಕು. ಅಲ್ಲಿನ ಮಿಸ್ತ್ರಿ "ಗೇರ್‌ಬಾಕ್ಸ್ ಖೋಲ್‌ನಾ ಪಡೇಗಾ" (ಬಿಚ್ಚಲೇಬೇಕು) ಎಂದು ಷರಾ ಬರೆದಾಗಿತ್ತು. ಮಾಲೀಕರೂ ಅದನ್ನು ನಂಬಿ ಬೆಲೆ ಇಳಿಸಿದ್ದರು.

ನಾನು ಎಂಜಿನ್ ಬಂದ್ ಮಾಡಿ ಗೇರ್ ಹಾಕಿದೆ. ಒಂದರಿಂದ ಐದು, ರಿವರ್ಸ್, ಎಲ್ಲವೂ ಬೆಣ್ಣೆಯಷ್ಟು ಸಲೀಸು. ಎಂಜಿನ್ ಓಡುತ್ತಿರುವಾಗ ಯಾವ ಗೇರೂ ಒಪ್ಪುವುದಿಲ್ಲ, ಬಂದ್ ಮಾಡಿದರೆ ಎಲ್ಲವೂ ಒಪ್ಪುತ್ತವೆ ಎಂದರೆ ಸಂಶಯ ಗೇರ್‌ಬಾಕ್ಸಿನ ಮೇಲಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂಬುದರ ಮೇಲೆ. ಪೆಡಲ್ ಒತ್ತಿದರೂ ಪ್ಲೇಟು ಫ್ಲೈವೀಲಿಗೆ ಸವರಿಕೊಂಡೇ ಇದೆ, ಒಳಗೆ ಶಾಫ್ಟ್ ತಿರುಗುತ್ತಲೇ ಇದೆ. ಬಹಳಷ್ಟು ಕಾರುಗಳ ರಿವರ್ಸ್ ಗೇರಿಗೆ ಸಿಂಕ್ರೊ ಇರುವುದಿಲ್ಲವಾದ್ದರಿಂದ ಮೊದಲು ಕೂಗುವುದು ಅದೇ. ಮತ್ತೆ ಸ್ಟಾರ್ಟ್ ಮಾಡಿ, ಪೆಡಲನ್ನು ಬೇಗಬೇಗ ಐದಾರು ಸಲ ತುಳಿದು ರಿವರ್ಸ್ ಹಾಕಿದೆ. ಸದ್ದಿಲ್ಲದೆ ಬಿತ್ತು. ತುಳಿದರೆ ಕ್ಲಚ್ಚು ಸರಿಹೋಗುವುದಾದರೆ ಹೈಡ್ರಾಲಿಕ್ಕಿನದೇ ತೊಂದರೆ. ಕಾರಿನಡಿ ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ಹೊರಮೈಗೆ ಕೂತ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟು ಒದ್ದೆ. ಎರಡು ಬೋಲ್ಟು ಬಿಚ್ಚಿದರೆ ಕೈಗೆ ಬರುವ ಸಾಮಾನು ಅದು.

ಮಾಲೀಕರಿಗೆ ಅದನ್ನೇ ಹೇಳಿದೆ. ಅವರು ನಂಬಲಿಲ್ಲ. ನಾನು ಬೆಲೆ ಇನ್ನಷ್ಟು ಇಳಿಸಲು ಏನೋ ಆಟ ಕಟ್ಟುತ್ತಿದ್ದೇನೆಂದೇ ಅವರ ಲೆಕ್ಕ. "ನೀವು ಸುಮ್ಮನಿದ್ದಿದ್ದರೆ ಆಗ್ತಿತ್ತು ಮಾವ" ಎಂದು ತಂಗಿ ಮಗಳಿಗೆ ಇವತ್ತಿಗೂ ಸಣ್ಣ ಸಿಟ್ಟು. ಕಾರನ್ನೇನೋ ಅವರು ಹೇಳಿದ ಬೆಲೆಗೇ ತಂದೆವು.

ಸ್ಲೇವ್ ಸಿಲಿಂಡರ್ ಎಲ್ಲ ಕಾರಿನಲ್ಲೂ ಹೀಗೆ ಕೈಗೆ ಸಿಗುವುದಿಲ್ಲ. ಎಷ್ಟೋ ಹೊಸ ವಿನ್ಯಾಸಗಳಲ್ಲಿ ಅದು ರಿಲೀಸ್ ಬೇರಿಂಗಿನ ಜೊತೆ ಒಂದೇ ತುಂಡಾಗಿ ಬೆಲ್ ಹೌಸಿಂಗಿನ ಒಳಗೆ, ಶಾಫ್ಟಿನ ಸುತ್ತ ಕೂತಿರುತ್ತದೆ. ಅಲ್ಲಿ ಸೋರಿದರೆ ಸಣ್ಣ ಸೀಲಿಗಾಗಿಯೂ ಗೇರ್‌ಬಾಕ್ಸ್ ಇಳಿಸಲೇಬೇಕು. ನೋಡಹೊರಟ ಕಾರಿನಲ್ಲಿ ಯಾವ ನಮೂನೆ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ ಚೌಕಾಸಿಯಲ್ಲಿ ಕೈ ಮೇಲಿರುತ್ತದೆ.

ಮಳೆಗಾಲ ಕಳೆದ ಮೇಲೆ ಮಾರಾಟಕ್ಕೆ ಬರುವ ಕಾರುಗಳಲ್ಲಿ ಇನ್ನೊಂದು ವಿಚಿತ್ರ ಸಿಗುತ್ತದೆ. ಪ್ರೀತಿಯ ಕಾರೆಂದು ಜೂನಿನಿಂದ ಸೆಪ್ಟೆಂಬರ್ ತನಕ ಮುಸುಕು ಹಾಕಿ ಸೊಸೈಟಿಯಲ್ಲಿ ನಿಲ್ಲಿಸಿರುತ್ತಾರೆ. ತೇವಕ್ಕೆ ಫ್ಲೈವೀಲ್ ತುಕ್ಕು ಹಿಡಿದು ಪ್ಲೇಟು ಅದಕ್ಕೇ ಅಂಟಿಕೊಳ್ಳುತ್ತದೆ. ಪೆಡಲ್ ಸರಿಯಿದೆ, ಸೋರಿಕೆ ಇಲ್ಲ, ಆದರೂ ಗೇರ್ ಬೀಳದು. ಇದಕ್ಕೂ ಗೇರ್‌ಬಾಕ್ಸಿನ ಮೇಲೇ ಅಪವಾದ ಬರುವುದು. ನೀರಿನಲ್ಲಿ ಮುಳುಗಿದ ಕಾರಿನ ಮಾತು ಮಾತ್ರ ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ನಮ್ಮ ಗ್ಯಾರೇಜಿನೆದುರು ನಿಂತ ಸಾಲು ನನಗೆ ಮರೆಯುವುದಿಲ್ಲ. ಗೇರ್‌ಬಾಕ್ಸಿಗೆ ಉಸಿರಾಡಲು ಮೇಲೊಂದು ಸಣ್ಣ ರಂಧ್ರ ಇರುತ್ತದೆ, ನೀರು ಅದರೊಳಗಿಂದ ಇಳಿಯುತ್ತದೆ. ಆಯಿಲ್ ಬಿಚ್ಚಿದಾಗ ಹಾಲು ಬೆರೆಸಿದಂತೆ ಬಿಳಿಯಾಗಿದ್ದರೆ ಆ ಕಾರನ್ನು ನೋಡುವುದು ಅಲ್ಲಿಗೆ ಸಾಕು.

ಗೇರ್‌ಬಾಕ್ಸ್ ನಿಜವಾಗಿ ತಪ್ಪಿತಸ್ಥ ಎಂದು ಹೇಗೆ ಗೊತ್ತಾಗುವುದು? ತೊಂದರೆ ಒಂದೇ ಗೇರಿನಲ್ಲಿ ಇದ್ದರೆ. ಕ್ಲಚ್ ಕೆಟ್ಟರೆ ಎಲ್ಲ ಗೇರುಗಳೂ ಕೂಡಿ ಅಳುತ್ತವೆ, ಸಿಂಕ್ರೊ ಸವೆದರೆ ಒಂದೇ ಗೇರು ಅಳುತ್ತದೆ. ಸಿಂಕ್ರೊ ಏನು ಮಾಡುತ್ತದೆಂದು ಹುಡುಗರಿಗೆ ನಾನು ಲೋಕಲ್ ಟ್ರೇನಿನ ಲೆಕ್ಕದಲ್ಲಿ ಹೇಳುತ್ತೇನೆ. ಹೊರಟ ಗಾಡಿಗೆ ಹತ್ತುವವನು ಪ್ಲಾಟ್‌ಫಾರ್ಮಿನಲ್ಲಿ ಅದರ ವೇಗಕ್ಕೇ ನಾಲ್ಕು ಹೆಜ್ಜೆ ಓಡಿ, ಆಮೇಲೆ ಕಂಬಿ ಹಿಡಿಯುತ್ತಾನಲ್ಲ, ಆ ನಾಲ್ಕು ಹೆಜ್ಜೆಯ ಓಟವೇ ಸಿಂಕ್ರೊ. ಹಿತ್ತಾಳೆಯ ಒಂದು ಉಂಗುರ ಗೇರಿನ ಶಂಕುವಿಗೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡಿದ ಮೇಲೆಯೇ ಹಲ್ಲುಗಳು ಸೇರುತ್ತವೆ. ಕ್ಯಾಡಿಲಾಕ್ ಕಂಪನಿ 1928ರಲ್ಲಿ ಇದನ್ನು ಕಾರಿಗೆ ತಂದಿತು. ಅದಕ್ಕಿಂತ ಮುಂಚೆ ಡ್ರೈವರೇ ಎರಡು ಸಲ ಕ್ಲಚ್ ತುಳಿದು, ನಡುವೆ ಆಕ್ಸಿಲರೇಟರ್ ಕೊಟ್ಟು ವೇಗ ಹೊಂದಿಸಬೇಕಿತ್ತು. ನಾನು ಕೆಲಸ ಕಲಿತದ್ದು ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಅಡಿಯಲ್ಲಿ ಮಲಗಿ. ಆ ಹಳೇ ಡ್ರೈವರುಗಳಿಗೆ ಈ ವಿದ್ಯೆ ನಿದ್ದೆಯಲ್ಲೂ ಬರುತ್ತಿತ್ತು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಹೋಯಿತು, ಡಬಲ್ ಕ್ಲಚ್ ಮಾಡಬಲ್ಲ ಕಾಲುಗಳೂ ಅದರ ಜೊತೆ ಕಡಿಮೆಯಾದವು.

ಆ ವಿದ್ಯೆ ಪರೀಕ್ಷೆಗೆ ಈಗಲೂ ಬೇಕು. ತಣ್ಣಗಿರುವ ಕಾರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿ. ಸೆಕೆಂಡ್ ಗೇರ್ ಹೆಚ್ಚು ಪೆಟ್ಟು ತಿನ್ನುವ ಗೇರು, ಅದರಲ್ಲೂ ಸ್ಪೋರ್ಟ್ಸ್ ಕಾರಿನಲ್ಲಿ. ಕರಕ್ ಎಂದರೆ ಅದನ್ನೇ ಡಬಲ್ ಕ್ಲಚ್ಚಿನಲ್ಲಿ ಮಾಡಿ ನೋಡಿ. ಆಗ ಸದ್ದಿಲ್ಲದೆ ಬಿದ್ದರೆ ಸಿಂಕ್ರೊ ಉಂಗುರ ಸವೆದಿರುವುದು ಬಹುತೇಕ ಖಚಿತ. ಆಮೇಲೆ ಬೇಲಾಪುರದ ಪಾರ್ಸಿಕ್ ಗುಡ್ಡದ ಇಳಿಜಾರಿಗೆ ಕೊಂಡುಹೋಗಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುತ್ತೇನೆ. ಲಿವರಿನ ಮೇಲೆ ಕೈ ಇಡುವುದಿಲ್ಲ. ಗೇರ್ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ ಒಳಗೆ ಹಲ್ಲಿನ ಅಂಚು ಅಥವಾ ಫೋರ್ಕ್ ಸವೆದಿದೆ. ಎಂಜಿನ್ ಮೌಂಟಿಂಗ್ ಹರಿದರೂ ಹಾಗಾಗುತ್ತದೆ, ಅದನ್ನು ನೋಡದೆ ಗೇರ್‌ಬಾಕ್ಸ್ ಬಿಚ್ಚಬಾರದು. ಇನ್ನು ಗೇರ್ ಲಿವರ್ ಅಂಬಲಿಯಲ್ಲಿ ಸೌಟು ಆಡಿದಂತೆ ಆಡುತ್ತಿದ್ದರೆ ಹೆದರಬೇಡಿ. ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ಬುಷ್ ಹೋಗಿರುತ್ತದೆ ಅಥವಾ ಹಿಂದಿನ ಮಾಲೀಕರು ಹೊರಗಿನ ಶಾರ್ಟ್ ಶಿಫ್ಟರ್ ಹಾಕಿಸಿ ಹೊಂದಾಣಿಕೆ ಕೆಡಿಸಿರುತ್ತಾರೆ.

'ಪಿಕಪ್ ಇಲ್ಲ' ಎನ್ನುವ ದೂರಿಗೆ ಟರ್ಬೊ ಬಿಚ್ಚುವವರಿದ್ದಾರೆ. ಮೊದಲು ಕ್ಲಚ್ ಜಾರುತ್ತಿದೆಯೇ ನೋಡಬೇಕು. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರಿನಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಟರ್ಬೊ ಎದ್ದು ಟಾರ್ಕ್ ಬರುವ ಹೊತ್ತಿಗೆ ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ನೆಗೆದು ಸ್ಪೀಡೋಮೀಟರ್ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಇದಕ್ಕೆ ಹೆಚ್ಚು ವೇಗ ಬೇಡವೇ ಬೇಡ, ಎತ್ತರದ ಗೇರು ಕಡಿಮೆ ಆರ್‌ಪಿಎಂ ಇದ್ದರೆ ಸಾಕು. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಸಾಯಿಸಿ ತೋರಿಸುವ ಮಿಸ್ತ್ರಿಗಳಿದ್ದಾರೆ, ನನಗದು ಹಿಡಿಸುವುದಿಲ್ಲ. ಒರಟು ಪರೀಕ್ಷೆ, ಸಣ್ಣ ಜಾರಾಟ ಅದರಲ್ಲಿ ಗೊತ್ತೂ ಆಗುವುದಿಲ್ಲ.

ಜಾರಾಟದ ಹಿಂದೆ ಹೆಚ್ಚಾಗಿ ರೀಮ್ಯಾಪ್ ಇರುತ್ತದೆ. ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನಿನ ಟಾರ್ಕ್ ಏರಿಸುತ್ತಾರೆ, ಕ್ಲಚ್ ಮಾತ್ರ ಕಂಪನಿ ಕೊಟ್ಟದ್ದೇ ಉಳಿಯುತ್ತದೆ. ಮಾರುವ ಮುಂಚೆ ಮ್ಯಾಪನ್ನು ಹಿಂದಿನಂತೆ ಮಾಡಿಬಿಟ್ಟರೆ ಕಂಪ್ಯೂಟರ್ ಏನೂ ಹೇಳದಿರಬಹುದು. ಆದ್ದರಿಂದ ನಾನು ನೇರವಾಗಿ ಕೇಳುತ್ತೇನೆ, "ಮ್ಯಾಪ್ ಹೊಡೆಸಿದ್ರಾ?" ಎಂದು. ಹುಡುಗರು ಇದನ್ನು ಹೆಮ್ಮೆಯಿಂದ ಒಪ್ಪಿಕೊಳ್ಳುವುದೂ ಉಂಟು.

ಆಯಿಲ್ ವಿಷಯ ಬಿಡುವ ಹಾಗಿಲ್ಲ. ಗೇರ್ ಆಯಿಲ್ ಬದಲಿಸುವುದೇ ಬೇಡ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಬದಲಿಸುವವರಲ್ಲೂ ಕೆಲವರು ದುಬಾರಿಯಾದದ್ದೇ ಒಳ್ಳೆಯದೆಂದು ಜಿಎಲ್-5 ಸುರಿಸುತ್ತಾರೆ. ಡಿಫರೆನ್ಷಿಯಲ್ಲಿನ ಭಾರೀ ಒತ್ತಡಕ್ಕೆಂದು ಆ ಆಯಿಲಿಗೆ ಗಂಧಕ, ರಂಜಕದ ಸಂಯುಕ್ತಗಳನ್ನು ಹೆಚ್ಚು ಹಾಕಿರುತ್ತಾರೆ. ಹಿತ್ತಾಳೆಯ ಸಿಂಕ್ರೊಗೆ ಅದು ಆಗಿಬರುವುದಿಲ್ಲ: ಲೋಹವನ್ನೂ ತಿನ್ನಬಹುದು, ಉಂಗುರದ ಹಿಡಿತವೂ ತಪ್ಪಬಹುದು. ಕಾರಿನ ಪುಸ್ತಕದಲ್ಲಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಬೇಕು. ಮಾಲೀಕರು ಒಪ್ಪಿದರೆ ಸ್ವಲ್ಪ ಆಯಿಲ್ ಬಿಚ್ಚಿಸಿ ಬಿಸಿಲಿಗೆ ಹಿಡಿಯಿರಿ. ಚಿನ್ನದ ಪುಡಿಯಂತೆ ಮಿನುಗಿದರೆ ಹಿತ್ತಾಳೆ ಕರಗುತ್ತಿದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಲೇಪ ಅಂಟಿದ್ದರೆ ಅದು ಸಹಜ ಸವೆತ. ಉಗುರಿಗೆ ಚುಚ್ಚುವಂಥ ಉಕ್ಕಿನ ಚೂರು ಸಿಕ್ಕರೆ ಯಾವುದೋ ಹಲ್ಲು ಮುರಿಯತೊಡಗಿದೆ.

ಇಷ್ಟೆಲ್ಲ ನೋಡಿಯೂ ಗೇರ್‌ಬಾಕ್ಸ್ ಇಳಿಸುವುದೇ ಅನಿವಾರ್ಯವಾದರೆ, ಕ್ಲಚ್ಚಿಗಾದರೂ ಸಿಂಕ್ರೊಗಾದರೂ ಇಳಿಸುವ ಕೂಲಿ ಒಂದೇ ಎನ್ನುವುದು ಗಮನದಲ್ಲಿರಲಿ. ಒಮ್ಮೆ ಕೆಳಗೆ ಬಂದ ಮೇಲೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಬದಲಿಸಿ. ಎಂಜಿನಿನ ಹಿಂದಿನ ಆಯಿಲ್ ಸೀಲ್ ಒದ್ದೆಯಿದ್ದರೆ ಅದನ್ನೂ ಬದಲಿಸಿ, ಇಲ್ಲವಾದರೆ ಹೊಸ ಪ್ಲೇಟಿಗೆ ಎಣ್ಣೆ ತಾಗಿ ಕಾರು ಹೊರಡುವಾಗ ಗಡಗಡ ನಡುಗುತ್ತದೆ. ಹಳೆಯ ಪ್ಲೇಟನ್ನು ಕೇಳಿ ಪಡೆದುಕೊಳ್ಳಿ, ಗುಜರಿಗೆ ಹೋಗಲು ಬಿಡಬೇಡಿ. ಲೈನಿಂಗ್ ಎಲ್ಲ ಕಡೆ ಸಮನಾಗಿ ರಿವೆಟಿನ ತನಕ ಸವೆದಿದ್ದರೆ ಅದು ಆಯಸ್ಸು ಮುಗಿಸಿ ಹೋದದ್ದು. ಲೈನಿಂಗ್ ದಪ್ಪ ಉಳಿದೂ ಕರಿ ಹಿಡಿದಿದ್ದರೆ, ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅದು ಸುಟ್ಟದ್ದು, ಅಂಥ ಫ್ಲೈವೀಲಿಗೆ ಹೊಸ ಪ್ಲೇಟು ಕಟ್ಟಬಾರದು. ತಂಗಿ ಮಗಳ ಕಾರಿನ ಕ್ಲಚ್ಚನ್ನು ಮರುವರ್ಷ ಬದಲಿಸಿದಾಗ ಸಿಕ್ಕದ್ದು ಮೊದಲನೆಯ ಜಾತಿಯ ಸವೆತ. ಹೊಸ ಪ್ಲೇಟು ಹೊಂದಿಕೊಳ್ಳುವ ತನಕ, ಅಂದರೆ ಊರೊಳಗಿನ ಓಡಾಟದಲ್ಲಿ ಸುಮಾರು 800 ಕಿಲೋಮೀಟರ್, ಸಿಗ್ನಲ್ಲಿನಲ್ಲಿ ಯಾರ ಜೊತೆಗೂ ಪೈಪೋಟಿ ಬೇಡವೆಂದು ಹೇಳಿದ್ದೇನೆ. "ಆಮೇಲೆ?" ಅಂತ ಕೇಳಿದಳು. ಆಮೇಲಿನ ಪ್ಲೇಟಿನ ಖರ್ಚು ಅವಳದೇ ಎಂದೆ.